ಲ್ಯಾಪ್‌ಟಾಪಿನ ವೈಫೈ ಪದೇ ಪದೇ ಕಟ್ ಆಗುತ್ತಿದ್ದರೆ ಮೊದಲು ಏನು ನೋಡಬೇಕು?

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಅಲ್ಲಿ ಪರದೆಯ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎಲ್ಲರಿಗೂ ಉಪಯೋಗವಾಗುವಂಥವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಒಂದೇ. ಮನೆಯಲ್ಲಿ ವೈಫೈ ಇದೆ. ಮೊಬೈಲ್‌ಗಳು ಚೆನ್ನಾಗಿ ನಡೆಯುತ್ತಿವೆ, ಟಿವಿಯೂ ನಡೆಯುತ್ತಿದೆ. ಲ್ಯಾಪ್‌ಟಾಪ್ ಮಾತ್ರ ಆಗಾಗ ನೆಟ್ ಬಿಟ್ಟುಬಿಡುತ್ತದೆ. ಎರಡು ನಿಮಿಷಕ್ಕೆ ತಾನೇ ಸರಿಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಕಥೆ. ಪೂರ್ತಿ ನಿಂತೇ ಹೋದರೆ ಯಾರನ್ನಾದರೂ ಕರೆಸಿ ತೋರಿಸಬಹುದು. ಇದು ಹಾಗಲ್ಲ. ರಿಪೇರಿಯವರು ಬಂದಾಗ ಸರಿಯಾಗಿಯೇ ಇರುತ್ತದೆ. ಅವರು ಗೇಟು ದಾಟಿದ ಮೇಲೆ ಮತ್ತೆ ಕಟ್.

ಇದು ಸಣ್ಣ ತೊಂದರೆ ಅಲ್ಲ. 2020ರಿಂದ ಈಚೆಗೆ ಎಷ್ಟೋ ಜನ ಬೆಂಗಳೂರಿನ ಕೆಲಸವನ್ನು ತಮ್ಮ ಊರಿನ ಮನೆಯಲ್ಲಿ ಕೂತು ಮಾಡುತ್ತಿದ್ದಾರೆ. ಮಕ್ಕಳ ಪರೀಕ್ಷೆ, ಕೆಲಸದ ಸಂದರ್ಶನ, ವೈದ್ಯರ ಜೊತೆ ಮಾತು, ಎಲ್ಲವೂ ಈ ಸಣ್ಣ ಸಂಪರ್ಕದ ಮೇಲೆ ನಿಂತಿವೆ. ಸಂದರ್ಶನದ ನಡುವೆ ಪರದೆ ಸ್ತಬ್ಧವಾದರೆ ಎದುರಿಗಿರುವವರಿಗೆ ಕಾರಣ ಗೊತ್ತಾಗುವುದಿಲ್ಲ. ಅವಕಾಶ ಮಾತ್ರ ಕೈತಪ್ಪುತ್ತದೆ. ಹಾಗಾಗಿ ಇದನ್ನು ಸರಿಯಾಗಿ ಕೂತು ನೋಡಬೇಕು.

ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ? ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಡ್ರೈವರ್, ಅಂದರೆ ವೈಫೈ ಭಾಗವನ್ನು ನಡೆಸುವ ತಂತ್ರಾಂಶ, ಬದಲಾಯಿಸುತ್ತಾರೆ. ಯಾರೋ ಹೇಳಿದರು ಅಂತ ಸೆಟ್ಟಿಂಗ್ ಬದಲಿಸುತ್ತಾರೆ. ಇನ್ನೊಬ್ಬರು ಹೇಳಿದರು ಅಂತ ಹೊಸ ರೂಟರ್ ತರುತ್ತಾರೆ. ಇವುಗಳಲ್ಲಿ ಒಂದು ಸರಿಯಾದ ಮದ್ದೇ ಇರಬಹುದು. ಆದರೆ ಎಲ್ಲವನ್ನೂ ಒಟ್ಟಿಗೆ ಮಾಡಿದಾಗ ಯಾವುದು ಕೆಲಸ ಮಾಡಿತು ಅನ್ನುವುದು ಗೊತ್ತಾಗುವುದಿಲ್ಲ. ತೊಂದರೆ ಮತ್ತೆ ಬಂದರೆ ಮತ್ತೆ ಮೊದಲಿಂದ ಶುರು. ನಾನು ಹೇಳುವುದು ಇಷ್ಟೇ: ಏನನ್ನೂ ಮುಟ್ಟುವ ಮುಂಚೆ ಎರಡು ವಿಷಯ ತಿಳಿದುಕೊಳ್ಳಿ. ಎಲ್ಲಿ ಕಟ್ ಆಗುತ್ತಿದೆ? ಯಾವಾಗ ಕಟ್ ಆಗುತ್ತಿದೆ?

ಎಲ್ಲಿ ಕಟ್ ಆಗುತ್ತಿದೆ?

ನಿಮ್ಮ ಲ್ಯಾಪ್‌ಟಾಪಿನಿಂದ ಹೊರಜಗತ್ತಿಗೆ ಎರಡು ಹಾದಿಗಳಿವೆ. ಮೊದಲನೆಯದು ಲ್ಯಾಪ್‌ಟಾಪಿನಿಂದ ರೂಟರ್ ವರೆಗೆ. ಅದು ಗಾಳಿಯಲ್ಲಿ, ಅದೇ ವೈಫೈ. ಎರಡನೆಯದು ರೂಟರಿನಿಂದ ಹೊರಗೆ, ಫೈಬರ್ ಕೇಬಲ್ ಮೂಲಕ. ಯಾವುದು ಕಡಿದರೂ ನಾವು ಹೇಳುವುದು ಒಂದೇ ಮಾತು: "ವೈಫೈ ಹೋಯ್ತು." ಆದರೆ ಎರಡಕ್ಕೂ ಮದ್ದು ಬೇರೆ ಬೇರೆ.

ಇದನ್ನು ಬೇರ್ಪಡಿಸಲು ಪಿಂಗ್ ಅನ್ನುವ ಹಳೆಯ ಉಪಾಯ ಸಾಕು. ಅಂಗಳದ ಆಚೆ ಇರುವವರನ್ನು "ಓ" ಅಂತ ಕರೆದರೆ ಅವರೂ "ಓ" ಅನ್ನುತ್ತಾರಲ್ಲ, ಪಿಂಗ್ ಮಾಡುವುದೂ ಅಷ್ಟನ್ನೇ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ತೆರೆಯಿರಿ. ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಡಿಫಾಲ್ಟ್ ಗೇಟ್‌ವೇ ಅನ್ನುವ ಸಾಲಿನ ಮುಂದೆ ಇರುವುದೇ ನಿಮ್ಮ ರೂಟರಿನ ವಿಳಾಸ. ಬಹಳ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಈಗ ಪಿಂಗ್ ಅಂತ ಬರೆದು, ಜಾಗ ಬಿಟ್ಟು ಆ ವಿಳಾಸ ಹಾಕಿ, ಮತ್ತೆ ಜಾಗ ಬಿಟ್ಟು ಒಂದು ಹೈಫನ್ ಮತ್ತು ಅದಕ್ಕೆ ಅಂಟಿದ ಹಾಗೆ ಟಿ ಅಕ್ಷರ ಹಾಕಿ. ಆ ಟಿ ಇದ್ದರೆ ನೀವು ನಿಲ್ಲಿಸುವ ತನಕ ಕರೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಅದೇ ರೀತಿ 8.8.8.8ಕ್ಕೆ ಪಿಂಗ್ ಮಾಡಿ. ಅದು ಗೂಗಲ್ ನಡೆಸುವ ಸಾರ್ವಜನಿಕ ಡಿಎನ್ಎಸ್ ಸರ್ವರ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಕಂಪ್ಯೂಟರ್), ಅಂದರೆ ನಿಮ್ಮ ಮನೆಯಿಂದ ಹೊರಗಿರುವ ಜಾಗ.

ಎರಡೂ ಕಿಟಕಿಗಳನ್ನು ಹಾಗೇ ಬಿಟ್ಟು ನಿಮ್ಮ ಕೆಲಸ ಮಾಡುತ್ತಿರಿ. ಕಟ್ ಆದ ಕ್ಷಣ ನೋಡಿ. ಎರಡೂ ನಿಂತಿದ್ದರೆ ತೊಂದರೆ ಮೊದಲ ಹಾದಿಯಲ್ಲಿದೆ. ರೂಟರ್ ಉತ್ತರ ಕೊಡುತ್ತಲೇ ಇದ್ದು, 8.8.8.8 ಮಾತ್ರ ನಿಂತಿದ್ದರೆ ನಿಮ್ಮ ವೈಫೈ ಸರಿಯಾಗಿದೆ. ಲ್ಯಾಪ್‌ಟಾಪಿನಲ್ಲಿ ಏನೇ ಬದಲಾಯಿಸಿದರೂ ಆಗ ಪ್ರಯೋಜನವಿಲ್ಲ.

ಪಿಂಗ್ ನಿಂತಾಗ ಬರುವ ಸಾಲನ್ನೂ ಓದಿ. "ರಿಕ್ವೆಸ್ಟ್ ಟೈಮ್ಡ್ ಔಟ್" ಅಂದರೆ ಲ್ಯಾಪ್‌ಟಾಪ್ ಕರೆದಿದೆ, ಉತ್ತರ ಬಂದಿಲ್ಲ. "ಜನರಲ್ ಫೇಲ್ಯೂರ್" ಅಂತ ಬಂದರೆ ಲ್ಯಾಪ್‌ಟಾಪಿಗೆ ಕರೆಯುವುದಕ್ಕೇ ಆಗಿಲ್ಲ. ಅದರ ವೈಫೈ ಕಾರ್ಡೇ ಸಂಪರ್ಕ ಬಿಟ್ಟಿದೆ ಅಂತ ಅರ್ಥ. ಈ ಒಂದು ಸಾಲಿನ ವ್ಯತ್ಯಾಸ ಎಷ್ಟೋ ಹುಡುಕಾಟ ಉಳಿಸುತ್ತದೆ.

ಶಿವಮೊಗ್ಗದ ಒಂದು ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಕೆಳಗೆ ಬಾಗಿಲ ಹತ್ತಿರ ಫೈಬರ್ ಬಂದು ಸೇರುವ ಪೆಟ್ಟಿಗೆ, ಅದರಿಂದ ಒಂದು ಸಣ್ಣ ಕೇಬಲ್, ನಡುಮನೆಯಲ್ಲಿ ರೂಟರ್. ಮಗಳು ಮಹಡಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಮೀಟಿಂಗ್ ನಡುವೆ ಕಟ್ ಆಗುತ್ತದೆ. ಮನೆಯವರ ಮೊಬೈಲ್‌ಗಳಿಗೆ ಏನೂ ಆಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪೇ ಕೆಟ್ಟಿದೆ ಅಂತ ಎಲ್ಲರೂ ತೀರ್ಮಾನಿಸಿದ್ದರು. ಹೊಸದು ಕೊಳ್ಳುವ ಮಾತೂ ನಡೆದಿತ್ತು. ಎರಡು ಕಿಟಕಿಗಳಲ್ಲಿ ಪಿಂಗ್ ಹಾಕಿ ಕೂತೆವು. ಕಟ್ ಆದಾಗ ರೂಟರ್ ಮೂರು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಲೇ ಇತ್ತು. 8.8.8.8 ಮಾತ್ರ ಮೌನ.

ಹಾಗಾದರೆ ಮೊಬೈಲ್‌ಗಳು ಹೇಗೆ ನಡೆಯುತ್ತಿದ್ದವು? ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ವೈಫೈನಲ್ಲಿ ಇಂಟರ್ನೆಟ್ ನಿಂತರೆ ಈಗಿನ ಮೊಬೈಲ್‌ಗಳು ಸದ್ದಿಲ್ಲದೆ ಸಿಮ್‌ನ ಡೇಟಾಗೆ ಜಿಗಿಯುತ್ತವೆ. ನಿಮಗೆ ಗೊತ್ತೇ ಆಗುವುದಿಲ್ಲ. ಟಿವಿ ಮುಂದಿನ ಸ್ವಲ್ಪ ವಿಡಿಯೊವನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ಹಾಗಾಗಿ ಅರ್ಧ ನಿಮಿಷ ನೆಟ್ ಇಲ್ಲದಿದ್ದರೂ ಅದು ನಡೆಯುತ್ತಿರುತ್ತದೆ. ನಮ್ಮ ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಸಿಮ್ ಇಲ್ಲ, ಮೀಟಿಂಗನ್ನು ಮುಂಚೆಯೇ ತಂದಿಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ. ಆದ್ದರಿಂದ ಮೊದಲ ಪೆಟ್ಟು ಬೀಳುವುದು ಲ್ಯಾಪ್‌ಟಾಪಿಗೆ. "ಬೇರೆ ಎಲ್ಲ ಸರಿ ಇದೆ, ಇದೊಂದೇ ಕೆಟ್ಟಿದೆ" ಅನ್ನುವ ಮಾತನ್ನು ನಂಬುವ ಮುಂಚೆ ಮೊಬೈಲಿನ ಡೇಟಾ ಆಫ್ ಮಾಡಿ ನೋಡಿ.

ಆ ಮನೆಯಲ್ಲಿ ಕೊನೆಗೆ ಸಿಕ್ಕಿದ್ದು ಫೈಬರ್ ಪೆಟ್ಟಿಗೆಯ ಕರೆಂಟಿನ ಅಡಾಪ್ಟರ್. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಅದು ಬಳಲಿದಾಗಲೆಲ್ಲ ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಪೆಟ್ಟಿಗೆ ಶೂ ಇಡುವ ಕಪಾಟಿನ ಹಿಂದೆ ಇದ್ದದ್ದರಿಂದ ಅದರ ದೀಪಗಳನ್ನು ಯಾರೂ ನೋಡಿರಲಿಲ್ಲ. ಅಡಾಪ್ಟರ್ ಬದಲಿಸಿದೆವು, ತೊಂದರೆ ಹೋಯಿತು. ನೀವು ಬದಲಿಸುವಾಗ ಹಳೆಯದರ ಮೇಲೆ ಬರೆದಿರುವ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಗುರುತೂ ಹೊಂದಬೇಕು.

ಕರೆಂಟ್ ಆಗಾಗ ಹೋಗುವ ಊರುಗಳಲ್ಲಿ ಇನ್ನೊಂದು ವಿಷಯ. ಮನೆಗೆ ಇನ್ವರ್ಟರ್ ಇರುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಬರುವ ನಡುವಿನ ಕಣ್ಣುಮಿಟುಕಿಸುವ ಹೊತ್ತು ಸಾಕು, ಕೆಲವು ರೂಟರ್‌ಗಳು ಮತ್ತೆ ಶುರುವಾಗುತ್ತವೆ. ಬಲ್ಬ್ ಒಮ್ಮೆ ಮಿನುಗುತ್ತದೆ ಅಷ್ಟೇ. ನೆಟ್ ಮಾತ್ರ ಎರಡು ಮೂರು ನಿಮಿಷ ಇರುವುದಿಲ್ಲ. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಇದಕ್ಕೆ ಸರಿಯಾದ ಪರಿಹಾರ.

ಯಾವಾಗ ಕಟ್ ಆಗುತ್ತಿದೆ?

ಈಗ ತೊಂದರೆ ಮೊದಲ ಹಾದಿಯಲ್ಲೇ ಇದೆ, ನಿಜವಾಗಿಯೂ ವೈಫೈಯೇ ಕಡಿಯುತ್ತಿದೆ ಅಂತ ಇಟ್ಟುಕೊಳ್ಳಿ. ಯಾವಾಗ ಅನ್ನುವುದನ್ನು ನೀವು ಕಾದು ಕೂತು ಬರೆದುಕೊಳ್ಳಬೇಕಿಲ್ಲ. ವಿಂಡೋಸ್ ತಾನೇ ಬರೆದಿಟ್ಟಿರುತ್ತದೆ.

ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಎನ್, ಇ, ಟಿ, ಎಸ್, ಎಚ್ ಅಂತ ಐದು ಅಕ್ಷರ ಕೂಡಿಸಿ ಬರೆಯಿರಿ. ಜಾಗ ಬಿಟ್ಟು ಡಬ್ಲ್ಯು, ಎಲ್, ಎ, ಎನ್. ಜಾಗ ಬಿಟ್ಟು ಶೋ. ಮತ್ತೆ ಜಾಗ ಬಿಟ್ಟು ಅದೇ ಡಬ್ಲ್ಯು, ಎಲ್, ಎ, ಎನ್‌ಗೆ ರಿಪೋರ್ಟ್ ಅನ್ನುವುದನ್ನು ಅಂಟಿಸಿ ಬರೆದು ಎಂಟರ್ ಒತ್ತಿ. ಒಂದು ವರದಿ ತಯಾರಾಗಿ, ಅದು ಎಲ್ಲಿದೆ ಅನ್ನುವ ದಾರಿಯೂ ಅಲ್ಲೇ ಕಾಣಿಸುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ಕಳೆದ ಮೂರು ದಿನಗಳ ಕಥೆ ಪೂರ್ತಿ ಅಲ್ಲಿದೆ. ಯಾವಾಗ ಸೇರಿತು, ಯಾವಾಗ ಬಿಟ್ಟಿತು, ಯಾಕೆ ಬಿಟ್ಟಿತು. ಮೇಲೆ ಒಂದು ನಕ್ಷೆ, ಅದರಲ್ಲಿ ಕೆಂಪು ಗುರುತು ಅಂದರೆ ದೋಷ. ಕೆಳಗೆ ಕಟ್ ಆದ ಕಾರಣಗಳ ಪಟ್ಟಿ. ಒಂದೊಂದು ಸಲ ಎಷ್ಟು ಹೊತ್ತು ಸಂಪರ್ಕ ಉಳಿದಿತ್ತು ಅನ್ನುವುದೂ ಇದೆ.

ಇಷ್ಟು ಒಳ್ಳೆಯ ವರದಿ ಪ್ರತಿ ವಿಂಡೋಸ್ 10, 11 ಲ್ಯಾಪ್‌ಟಾಪಿನಲ್ಲೂ ಸುಮ್ನೆ ಬಿದ್ದಿದೆ. ಸರ್ವಿಸ್ ಅಂಗಡಿಗಳಲ್ಲೂ ಇದನ್ನು ತೆಗೆದು ನೋಡುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಜನ ದುಡ್ಡು ಕೊಟ್ಟು ಊಹೆಗಳನ್ನು ಕೊಳ್ಳುತ್ತಿದ್ದಾರೆ.

ವರದಿಯಲ್ಲಿ ಹೊತ್ತುಗಳನ್ನು ನೋಡುತ್ತಾ ಹೋದರೆ ಒಂದು ತಾಳ ಕಾಣುತ್ತದೆ. ಆ ತಾಳವೇ ಕಾರಣದ ಕಡೆ ಕೈ ತೋರಿಸುತ್ತದೆ.

ಸರಿಯಾಗಿ ಗಂಟೆಗೊಂದು ಸಲ ಕಟ್ ಆಗುತ್ತಿದ್ದರೆ ರೂಟರಿನ ಭದ್ರತೆಯ ಕಡೆ ನೋಡಿ. ಒಂದು ರೂಟರಿಗೆ ಸೇರಿದ ಎಲ್ಲ ಸಾಧನಗಳೂ ಹಂಚಿಕೊಳ್ಳುವ ಒಂದು ಗುಪ್ತ ಕೀಲಿ ಇರುತ್ತದೆ. ರೂಟರ್ ಅದನ್ನು ಆಗಾಗ ಬದಲಿಸುತ್ತದೆ. ಬಹಳ ರೂಟರ್‌ಗಳಲ್ಲಿ ಆ ಅವಧಿ 3600 ಸೆಕೆಂಡ್, ಅಂದರೆ ಒಂದು ಗಂಟೆ. ಹೊಸ ಕೀಲಿ ಬಂದಾಗ ಕೆಲವು ಹಳೆಯ ಡ್ರೈವರ್‌ಗಳು ತಡವರಿಸಿ ಬಿದ್ದುಹೋಗುತ್ತವೆ. ಡ್ರೈವರ್ ಹೊಸದು ಹಾಕುವುದು ಇಲ್ಲಿ ಮೊದಲ ಕೆಲಸ. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಅನ್ನುವುದು ವೈಫೈಯ ಹಳೆಯ ಮತ್ತು ಹೊಸ ಭದ್ರತಾ ಪದ್ಧತಿಗಳು. ರೂಟರ್ ಇವೆರಡೂ ಬೆರೆತ ವಿಧಾನದಲ್ಲಿದ್ದರೆ, ಸ್ವಲ್ಪ ದಿನ ಡಬ್ಲ್ಯುಪಿಎ2 ಮಾತ್ರ ಇಟ್ಟು ನೋಡಿ. ಕೆಲವು ಹಳೆಯ ಕಾರ್ಡ್‌ಗಳಿಗೆ ಈ ಬೆರಕೆ ಆಗಿಬರುವುದಿಲ್ಲ.

ಲ್ಯಾಪ್‌ಟಾಪ್ ಸುಮ್ಮನೆ ಬಿಟ್ಟಾಗ, ಅಥವಾ ಚಾರ್ಜರ್ ತೆಗೆದಾಗ ಮಾತ್ರ ಕಟ್ ಆಗುತ್ತದೆಯೇ? ಹಾಗಾದರೆ ವಿದ್ಯುತ್ ಉಳಿಸುವ ವ್ಯವಸ್ಥೆಯ ಮೇಲೆ ಅನುಮಾನ ಪಡಿ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳ ಕೆಳಗೆ ವೈಫೈ ಕಾರ್ಡ್ ಹುಡುಕಿ, ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಸಾಲೊಂದಿದೆ. ಅದರ ಮುಂದಿನ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬೇ ಇರುವುದಿಲ್ಲ. ಅಲ್ಲಿ ತಯಾರಕರ ಜಾಲತಾಣದಿಂದ ವೈಫೈ ಡ್ರೈವರ್ ಮತ್ತು ಬಯಾಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಹೊಸದು ಹಾಕುವುದೇ ದಾರಿ.

ವಿಂಡೋಸ್ ಅಪ್‌ಡೇಟ್ ಆದ ದಿನದಿಂದಲೇ ಶುರುವಾಗಿದ್ದರೆ ಅದೇ ಪ್ರಾಪರ್ಟೀಸ್‌ನ ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಅನ್ನುವ ಗುಂಡಿ ಇದೆ. ಅದು ಹಳೆಯ ಡ್ರೈವರನ್ನು ವಾಪಸ್ ತರುತ್ತದೆ. ಇನ್ನೊಂದು ಮಾತು. ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡಿ ಆನ್ ಮಾಡಿದರೆ ಎಲ್ಲ ಹೊಸದಾಗಿ ಶುರುವಾಯಿತು ಅಂದುಕೊಳ್ಳಬೇಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್‌ನಲ್ಲಿ ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದಿರುತ್ತದೆ, ಮುಂದಿನ ಸಲ ಅದೇ ವಾಪಸ್ ಬರುತ್ತದೆ. ನಿಜವಾಗಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ.

ಸಂಜೆ ಏಳರಿಂದ ಹತ್ತರ ವರೆಗೆ ಮಾತ್ರ ಜಾಸ್ತಿ ತೊಂದರೆ ಇದ್ದರೆ ಅದು ಗಾಳಿಯಲ್ಲಿನ ದಟ್ಟಣೆ. ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ದೊಡ್ಡ ಕಾರಣ.

ಗಾಳಿಯಲ್ಲಿ ಏನು ನಡೆಯುತ್ತಿದೆ

ನಮ್ಮ ಹೆಚ್ಚಿನ ಮನೆಗಳ ವೈಫೈಗೆ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ದಾರಿಗಳಿವೆ. 2.4ನ್ನು ಲೈಸೆನ್ಸ್ ಇಲ್ಲದೆ ಯಾರು ಬೇಕಾದರೂ ಬಳಸಬಹುದು ಅಂತ ಭಾರತ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ. ಅದರಲ್ಲಿ ನಮಗೆ 13 ಚಾನಲ್‌ಗಳಿವೆ, ಅಂದರೆ ದಾರಿಯೊಳಗಿನ ಓಣಿಗಳು. ಹದಿಮೂರು ಅಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಒಂದು ಚಾನಲ್‌ನಿಂದ ಇನ್ನೊಂದಕ್ಕೆ ಅಂತರ 5 ಮೆಗಾಹರ್ಟ್ಸ್ ಮಾತ್ರ. ಒಂದು ರೂಟರ್ ಬಳಸುವ ಅಗಲ ಕನಿಷ್ಠ 20. ಅಂದರೆ ಅಕ್ಕಪಕ್ಕದ ಚಾನಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ತಾಗದೆ ಇರಬಲ್ಲವು ಮೂರೇ: 1, 6, 11. ಹತ್ತಿಪ್ಪತ್ತು ಮನೆಗಳ ಕಟ್ಟಡದಲ್ಲಿ ಅಷ್ಟೂ ರೂಟರ್‌ಗಳು ಈ ಮೂರರಲ್ಲೇ ತಿಕ್ಕಾಡಬೇಕು. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಬ್ಲೂಟೂತ್ ಕೂಡ 2.4ರಲ್ಲೇ ಇದೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45ರ ಸುತ್ತಮುತ್ತ. ಅದರಿಂದ ಸೋರುವುದು ನಮ್ಮ ಆರೋಗ್ಯಕ್ಕೆ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಆದರೆ ವೈಫೈ ಕೇಳಿಸಿಕೊಳ್ಳುವ ಸದ್ದು ಅದಕ್ಕಿಂತ ಲಕ್ಷಾಂತರ ಪಟ್ಟು ಸಣ್ಣದು. ಅಡುಗೆಮನೆ ಪಕ್ಕದಲ್ಲಿ ಕೂತು ಕೆಲಸ ಮಾಡುವವರಿಗೆ ಮಧ್ಯಾಹ್ನ ಊಟ ಬಿಸಿ ಮಾಡುವ ಹೊತ್ತಿಗೆ ಸರಿಯಾಗಿ ಕಟ್ ಆಗುತ್ತಿದ್ದರೆ ಕಾರಣ ಇದೇ.

ಯಾರೂ ಅನುಮಾನ ಪಡದ ಇನ್ನೊಂದು ವಸ್ತು ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಯುಎಸ್‌ಬಿ 3 ಕೆಲಸ ಮಾಡುವಾಗ ಅದರ ಕೇಬಲ್ ಮತ್ತು ಕನೆಕ್ಟರಿನಿಂದ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಹೊರಡುತ್ತದೆ. ಇಂಟೆಲ್ ಕಂಪನಿ ಇದನ್ನು ಅಳೆದು 2012ರಲ್ಲೇ ಪ್ರಕಟಿಸಿದೆ. ಡಿಸ್ಕ್ ಚುಚ್ಚಿ ಫೈಲ್ ಕಾಪಿ ಮಾಡುವಾಗ ವೈಫೈ ಬೀಳುತ್ತದೆ, ವೈರ್‌ಲೆಸ್ ಮೌಸ್ ತಡೆದು ತಡೆದು ಓಡುತ್ತದೆ ಅಂದರೆ ಡಿಸ್ಕನ್ನು ಉದ್ದದ ಕೇಬಲ್ ಹಾಕಿ ದೂರ ಇಡಿ. ಅಥವಾ ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ.

5ರಲ್ಲಿ ಜಾಗ ಧಾರಾಳವಾಗಿದೆ. 2018ರ ಅಕ್ಟೋಬರ್‌ನಲ್ಲಿ ಸರ್ಕಾರ ಈ ದಾರಿಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಜಾಗವನ್ನು ಲೈಸೆನ್ಸ್‌ಮುಕ್ತ ಮಾಡಿತು. 2.4ರಲ್ಲಿ ಇರುವುದು ಸುಮಾರು 83 ಮಾತ್ರ. ಹತ್ತಿರದಲ್ಲಿ ಕೂರುವವರಿಗೆ ನನ್ನ ಸಲಹೆ ಯಾವಾಗಲೂ 5. ಆದರೆ ಅದು ಗೋಡೆ ದಾಟುವುದರಲ್ಲಿ ಬಡವ. ಇನ್ನೊಂದು ಸೂಕ್ಷ್ಮ ಇದೆ. 52ರಿಂದ 144ರ ವರೆಗಿನ ಚಾನಲ್‌ಗಳು ರಡಾರ್‌ಗಳಿಗೂ ಸೇರಿದ ಜಾಗ. ಅಲ್ಲಿ ಕೆಲಸ ಮಾಡುವಾಗ ರಡಾರ್ ಸದ್ದು ಕೇಳಿದರೆ, ಅಥವಾ ಕೇಳಿದ ಹಾಗೆ ಅನ್ನಿಸಿದರೂ ಸಾಕು, ಹಲವು ರೂಟರ್‌ಗಳು ತಕ್ಷಣ ಚಾನಲ್ ಬಿಟ್ಟು ಓಡುತ್ತವೆ. ಲ್ಯಾಪ್‌ಟಾಪ್ ಅನಾಥವಾಗುತ್ತದೆ. ರೂಟರಿನಲ್ಲಿ ಚಾನಲ್ "ಆಟೋ" ಅಂತ ಇದ್ದರೆ ತೆಗೆದು 36ರಿಂದ 48ರ ಒಳಗೆ ಒಂದನ್ನು ಹಾಕಿ. 2.4ರಲ್ಲಿ 1, 6, 11ರಲ್ಲಿ ಯಾವುದು ಖಾಲಿಯೋ ಅದನ್ನು ಹಾಕಿ, ಅಗಲವನ್ನು 20ಕ್ಕೆ ಇಳಿಸಿ.

ರೂಟರ್ ಎರಡೂ ದಾರಿಗೆ ಒಂದೇ ಹೆಸರು ಇಟ್ಟಿದ್ದರೆ ಲ್ಯಾಪ್‌ಟಾಪ್ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರುತ್ತಿರುತ್ತದೆ. ಪ್ರತಿ ಹಾರುವಿಕೆಯಲ್ಲೂ ಒಂದೆರಡು ಸೆಕೆಂಡು ಹೋಗಬಹುದು. ಪರೀಕ್ಷೆಗಾಗಿ ಎರಡಕ್ಕೂ ಬೇರೆ ಹೆಸರು ಕೊಟ್ಟು, ಲ್ಯಾಪ್‌ಟಾಪನ್ನು ಒಂದಕ್ಕೆ ಮಾತ್ರ ಸೇರಿಸಿ ಎರಡು ದಿನ ಬಿಡಿ. ಕಟ್ ಆಗುವುದು ನಿಂತರೆ ಕಾರಣ ಸಿಕ್ಕಿತು.

ಸಿಗ್ನಲ್ ಎಷ್ಟಿದೆ ಅಂತ ಅಳೆಯಿರಿ

ಮೂಲೆಯಲ್ಲಿ ಕಾಣುವ ಕಮಾನುಗಳನ್ನು ನೋಡಿ "ಫುಲ್ ಇದೆ" ಅನ್ನುತ್ತೇವೆ. ಅದು ಸಾಲದು. ವರದಿ ತೆಗೆಯಲು ಬರೆದ ಕಮಾಂಡಿನಲ್ಲೇ ಕೊನೆಯ ಮಾತನ್ನು ತೆಗೆದು ಇಂಟರ್‌ಫೇಸಸ್ (interfaces) ಅಂತ ಹಾಕಿ. ಸಿಗ್ನಲ್ ಶೇಕಡಾ ಎಷ್ಟು, ಯಾವ ಚಾನಲ್, ಎಲ್ಲವನ್ನೂ ಹೇಳುತ್ತದೆ. ಸಿಗ್ನಲ್ಲಿನ ಶಕ್ತಿಯನ್ನು ಅಳೆಯುವ ಮಾನ ಡಿಬಿಎಂ. ವಿಂಡೋಸ್‌ನ ಲೆಕ್ಕದಲ್ಲಿ ಶೇ. 100 ಅಂದರೆ ಮೈನಸ್ 50 ಡಿಬಿಎಂ, ಶೇ. 0 ಅಂದರೆ ಮೈನಸ್ 100. ನಡುವೆ ಸಮನಾಗಿ ಇಳಿಯುತ್ತದೆ. ಹಾಗಾಗಿ ಶೇ. 60 ಅಂದರೆ ಮೈನಸ್ 70. ನೋಡುವುದಕ್ಕೆ ಅರವತ್ತು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಡಿಬಿಎಂನಲ್ಲಿ ಹತ್ತು ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದ ಹಾಗೆ. ಮೈನಸ್ 50ರಿಂದ 70ಕ್ಕೆ ಬಂದರೆ ನೂರನೇ ಒಂದು ಭಾಗ. ವಿಡಿಯೊ ಮೀಟಿಂಗಿಗೆ ಶೇ. 65ಕ್ಕಿಂತ ಮೇಲೆ ಇರಬೇಕು ಅಂತ ನಾನು ಹೇಳುತ್ತೇನೆ. 40ಕ್ಕೆ ಬಂದರೆ ಸಂಪರ್ಕ ಉಳಿಯುವುದೇ ಅನುಮಾನ.

ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ "ನಾನಿದ್ದೇನೆ" ಅಂತ ಸಣ್ಣ ಸಂಕೇತ ಕಳಿಸುತ್ತಿರುತ್ತದೆ. ಅವು ಸಾಲಾಗಿ ಕೇಳಿಸದೆ ಹೋದರೆ ಲ್ಯಾಪ್‌ಟಾಪ್ ಸಂಪರ್ಕ ಹೋಯಿತು ಅಂತ ತೀರ್ಮಾನಿಸುತ್ತದೆ. ಅಂಚಿನಲ್ಲಿರುವ ಸಿಗ್ನಲ್‌ಗೆ ಯಾರಾದರೂ ನಡುವೆ ಹಾದುಹೋದರೂ ಸಾಕು.

ನಮ್ಮ ಮನೆಗಳು ಗಟ್ಟಿ. ಕಬ್ಬಿಣ ತುಂಬಿದ ಆರ್‌ಸಿಸಿ ಚಾವಣಿ, ಕರಾವಳಿಯಲ್ಲಿ ದಪ್ಪನೆ ಕೆಂಪುಕಲ್ಲಿನ ಗೋಡೆ, ಎಲ್ಲ ಕಡೆ ಸ್ಟೀಲ್ ಬೀರು, ಅದರ ಬಾಗಿಲಿಗೆ ಕನ್ನಡಿ. ರೂಟರನ್ನು ಕೇಬಲ್ ಒಳಗೆ ಬಂದ ಜಾಗದಲ್ಲೇ ಇಡುತ್ತಾರೆ, ಅದೂ ಟಿವಿಯ ಹಿಂದೆ. ಅಲ್ಲಿಂದ ತೆಗೆದು ಎದೆಮಟ್ಟಕ್ಕಿಂತ ಮೇಲೆ, ಬಯಲಾಗಿ, ಮನೆಯ ನಡುವೆ ಇಟ್ಟರೆ ಒಂದು ಪೈಸೆ ಖರ್ಚಿಲ್ಲದೆ ಹತ್ತು ಡಿಬಿ ಸಿಗಬಹುದು.

ಈಗ ಒಂದು ಪರೀಕ್ಷೆ. ಲ್ಯಾಪ್‌ಟಾಪನ್ನು ರೂಟರಿನಿಂದ ಒಂದು ಮೀಟರ್ ದೂರದಲ್ಲಿ ಇಟ್ಟು ಶೇಕಡಾ ನೋಡಿ. 95, 100 ಇರಬೇಕು. ಒಬ್ಬರ ಲ್ಯಾಪ್‌ಟಾಪಿನಲ್ಲಿ ಅಷ್ಟು ಹತ್ತಿರದಲ್ಲೂ 40ರ ಆಸುಪಾಸು ತೋರಿಸುತ್ತಿತ್ತು. ಪಕ್ಕದ ಮೊಬೈಲ್ ಫುಲ್. ವಿಚಾರಿಸಿದರೆ ಸ್ವಲ್ಪ ದಿನದ ಹಿಂದೆ ಬ್ಯಾಟರಿ ಬದಲಿಸಿದ್ದರು.

ಲ್ಯಾಪ್‌ಟಾಪಿನ ವೈಫೈ ಆಂಟೆನಾ ಹೆಚ್ಚಾಗಿ ಪರದೆಯ ಅಂಚಿನಲ್ಲಿರುತ್ತದೆ. ಅಲ್ಲಿಂದ ತೆಳ್ಳನೆಯ ಎರಡು ವೈರುಗಳು, ಒಂದು ಕಪ್ಪು, ಇನ್ನೊಂದು ಬಿಳಿ ಅಥವಾ ಬೂದು, ಹಿಂಜಿನ ಒಳಗಿಂದ ಕೆಳಗೆ ಇಳಿದು ವೈಫೈ ಕಾರ್ಡಿನ ಮೇಲೆ ಸಾಸಿವೆ ಗಾತ್ರದ ಗುಂಡಿಗಳಿಗೆ ಕೂರುತ್ತವೆ. ಹಿಂಬದಿಯ ಕವರ್ ತೆಗೆದು ನೋಡಿದಾಗ ಒಂದು ವೈರು ಕಳಚಿ ಪಕ್ಕಕ್ಕೆ ಬಿದ್ದಿತ್ತು. ಇನ್ನೊಂದು ಗುಂಡಿಯ ಮೇಲೆ ಓರೆಯಾಗಿ ಕೂತಿತ್ತು, ಒತ್ತಿಕೊಂಡಿರಲಿಲ್ಲ. ನೇರ ಇಟ್ಟು ಉಗುರಿನಿಂದ ಒತ್ತಿದರೆ "ಟಕ್" ಅಂತ ಕೂತವು. ಶೇಕಡಾ 99ಕ್ಕೆ ಏರಿತು. ನೀವೇ ಮಾಡುವುದಾದರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ ಆಮೇಲೆ ಕೈ ಹಾಕಿ. ವಾರಂಟಿ ಇದ್ದರೆ ತೆರೆಯಬೇಡಿ, ಅಂಗಡಿಯವರಿಗೆ ಈ ವೈರುಗಳನ್ನೇ ನೋಡಲು ಹೇಳಿ. ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಶೇಕಡಾ ಧಡಕ್ಕನೆ ಏರಿಳಿದರೆ ವೈರು ಹಿಂಜಿನಲ್ಲಿ ಸವೆದಿದೆ.

ಪ್ರಶ್ನೆಗಳು

ನೆಟ್‌ವರ್ಕ್ ರಿಸೆಟ್ ಮಾಡಿದರೆ ಎಲ್ಲ ಸರಿಹೋಗುವುದಿಲ್ಲವೇ ಅಂತ ಒಬ್ಬರು ಕೇಳಿದರು. ಕೆಲವು ಸಲ ಹೋಗುತ್ತದೆ. ಆದರೆ ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ವಿಪಿಎನ್ (ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವ್ಯವಸ್ಥೆ) ಹೊಂದಾಣಿಕೆಗಳು ಎಲ್ಲವನ್ನೂ ಅಳಿಸುತ್ತದೆ. ವರದಿ ನೋಡಿ, ಡ್ರೈವರ್ ನೋಡಿ, ಏನೂ ಸಿಗದಿದ್ದರೆ ಕೊನೆಗೆ ಮಾಡಿ. ಐಪಿ ವಿಳಾಸ 169.254ರಿಂದ ಶುರುವಾಗಿದ್ದರೆ ಮಾತ್ರ ಬೇರೆ ಕಥೆ. ವೈಫೈ ಸೇರಿದೆ, ಆದರೆ ರೂಟರ್ ವಿಳಾಸ ಕೊಟ್ಟಿಲ್ಲ ಅಂತ ಅರ್ಥ. ಆಗ ಮೊದಲು ರೂಟರನ್ನೇ ನೋಡಬೇಕು.

ಕಂಪನಿಯ ಲ್ಯಾಪ್‌ಟಾಪ್, ಯಾವ ಸೆಟ್ಟಿಂಗೂ ಮುಟ್ಟುವ ಹಾಗಿಲ್ಲ ಅನ್ನುವವರು ಬಹಳ ಜನ ಇದ್ದರು. ಸಾಮಾನ್ಯ ಪಿಂಗ್‌ಗೆ ಅಡ್ಮಿನ್ ಅನುಮತಿ ಬೇಕಿಲ್ಲ, ಅದನ್ನು ಮಾಡಿ. ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ಅರ್ಧ ದಿನ ಕೆಲಸ ಮಾಡಿ. ಅಲ್ಲೂ ಕಟ್ ಆದರೆ ತೊಂದರೆ ಲ್ಯಾಪ್‌ಟಾಪಿನದು ಅಥವಾ ಅದರ ವಿಪಿಎನ್‌ನದು. ಐಟಿ ವಿಭಾಗಕ್ಕೆ ಹಾಗೇ ಹೇಳಿ, ಆ ವರದಿಯನ್ನು ತೆಗೆಯಲು ಕೇಳಿ.

ಮಹಡಿಗೆ ರಿಪೀಟರ್ ಹಾಕಲೇ ಅಂತ ಇನ್ನೊಬ್ಬರು. ಸಾಮಾನ್ಯ ರಿಪೀಟರ್ ಕೇಳಿದ್ದನ್ನೇ ಅದೇ ಚಾನಲ್‌ನಲ್ಲಿ ಮತ್ತೆ ಹೇಳುತ್ತದೆ. ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆಗುವುದಾದರೆ ಮೇಲಿನ ತನಕ ಲ್ಯಾನ್ ಕೇಬಲ್ ಎಳೆಸಿ. 100 ಮೀಟರ್ ತನಕ ಅದಕ್ಕೆ ಅಡ್ಡಿಯಿಲ್ಲ. ಅದರ ತುದಿಗೆ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಬರೀ ವೈಫೈ ಹರಡುವುದಕ್ಕೆ, ಇಡಿ. ದಿನವಿಡೀ ಒಂದೇ ಮೇಜಿನಲ್ಲಿ ಕೆಲಸ ಮಾಡುವವರು ಆ ಕೇಬಲನ್ನು ನೇರ ಲ್ಯಾಪ್‌ಟಾಪಿಗೇ ಚುಚ್ಚಬಹುದು. ನೆಮ್ಮದಿ ಅಂದರೆ ಅದು.

ಮ್ಯಾಕ್ ಇರುವವರು ಆಪ್ಷನ್ ಕೀ ಒತ್ತಿ ಹಿಡಿದು ಮೇಲಿನ ವೈಫೈ ಚಿಹ್ನೆ ಕ್ಲಿಕ್ ಮಾಡಿದರೆ ಡಿಬಿಎಂ, ಗದ್ದಲ, ಚಾನಲ್ ಎಲ್ಲ ಕಾಣುತ್ತದೆ. ಉಬುಂಟು ಬಳಸುವವರು ನೆಟ್‌ವರ್ಕ್ ಮ್ಯಾನೇಜರಿನ ವೈಫೈ ಪವರ್‌ಸೇವ್ ಬೆಲೆಯನ್ನು 3ರಿಂದ 2ಕ್ಕೆ ಬದಲಿಸಿ ನೋಡಿ. ಅಲ್ಲಿ 2 ಅಂದರೆ ಆಫ್.

ಕೊನೆಯ ಪ್ರಶ್ನೆ ಒಬ್ಬ ನಿವೃತ್ತ ಮೇಷ್ಟ್ರದು. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಪ್ರತಿ ಸಲವೂ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ, ಏನು ಹೇಳಬೇಕು ಅಂತ. ಹೀಗೆ ಹೇಳಿ: "ಕಟ್ ಆದಾಗ ನನ್ನ ರೂಟರ್ ಪಿಂಗ್‌ಗೆ ಉತ್ತರ ಕೊಡುತ್ತಿದೆ, 8.8.8.8 ಕೊಡುತ್ತಿಲ್ಲ. ನಿನ್ನೆ ಇಷ್ಟು ಗಂಟೆಗೆ, ಇವತ್ತು ಇಷ್ಟು ಗಂಟೆಗೆ ಆಗಿದೆ. ಆಗ ಫೈಬರ್ ಪೆಟ್ಟಿಗೆಯ ಎಲ್‌ಒಎಸ್ ದೀಪ ಕೆಂಪಾಗಿತ್ತು." ಆ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ವೈರು ಮಡಚಿದೆ, ಕಂಬದ ಹತ್ತಿರ ಜೋಡಣೆ ಸಡಿಲವಾಗಿದೆ ಅಥವಾ ಇಲಿ ಕಡಿದಿದೆ. ಅದನ್ನು ಸರಿಮಾಡಲು ಅವರ ಕಡೆಯವರೇ ಬರಬೇಕು. ಫೋನ್ ಇಡುವ ಮುಂಚೆ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.